ಗಣಕಯಂತ್ರದ ಕಥಾಕ್ರೀಡೆಗಳಲ್ಲಿ ಶೀಲಪಕ್ಷವೂ ಸಹಚರರೂ

ನಾಯಕನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತನೆಂದು ನಾಲ್ಕು ಬಗೆಯಾಗಿರುವನೆಂಬುದು ಅಲಂಕಾರಶಾಸ್ತ್ರವನ್ನು ವ್ಯಾಸಂಗಮಾಡಿದವರೆಲ್ಲರಿಗೂ ತಿಳಿದ ವಿಷಯವೇ ಸರಿ. ಆದರೆ ಈ ವಿಭಾಗವು ಪಾತ್ರದ ಜಾತಿಯನ್ನು ಹೇಳುವುದೋ, ಅವಸ್ಥೆಯನ್ನು ಹೇಳುವುದೋ ಎಂಬ ಪ್ರಶ್ನೆಯನ್ನೆತ್ತಿದವರು ವಿರಳ. ಹತ್ತನೆಯ ಶತಮಾನದ ಧನಂಜಯನ ದಶರೂಪಕಕ್ಕೆ ಅವಲೋಕವೆಂಬ ವ್ಯಾಖ್ಯಾನವನ್ನು ರಚಿಸಿದ ಧನಿಕನು ಈ ಪ್ರಶ್ನೆಗೆ ಸ್ಪಷ್ಟವಾದ ಸಮಾಧಾನವನ್ನು ಕೊಟ್ಟಿರುವನು. ಕರು, ಹೋರಿ ಮೊದಲಾದ ಹೆಸರುಗಳು ಒಂದೇ ಪ್ರಾಣಿಯ ಬೇರೆ ಬೇರೆ ಅವಸ್ಥೆಗಳನ್ನು ಸೂಚಿಸುವಂತೆ, ಉದಾತ್ತಾದಿ ಶಬ್ದಗಳೂ ಅವಸ್ಥೆಯನ್ನೇ ಸೂಚಿಸುವುವು. ಹುಟ್ಟಿನಿಂದಲೇ ಲಲಿತನಾಗಿ ನಿಂತವನು ಯಾವನೂ ಇಲ್ಲ ಎಂಬುದು ಆತನ ಅಭಿಪ್ರಾಯ. ಪರಶುರಾಮನು ರಾವಣನ ವಿಷಯದಲ್ಲಿ ಉದಾತ್ತನಾಗಿಯೂ, ರಾಮನ ವಿಷಯದಲ್ಲಿ ಮೊದಲು ಉದ್ಧತನಾಗಿಯೂ, ಅನಂತರ ಶಾಂತನಾಗಿಯೂ ಕಾಣಿಸಿಕೊಳ್ಳುವುದು ಇದಕ್ಕೆ ನಿದರ್ಶನ. ಆದರೂ ಧನಿಕನು ಈ ಸ್ವಾತಂತ್ರ್ಯವನ್ನು ಅಂಗಭೂತರಾದ ಪಾತ್ರಗಳಿಗೆ ಮಾತ್ರ ಕೊಡುವನು. ಪ್ರಬಂಧದ ಪ್ರಧಾನನಾಯಕನು ಮೊದಲಿನಿಂದ ಕಡೆಯವರೆಗೆ ಏಕರೂಪನಾಗಿಯೇ ಇರತಕ್ಕದ್ದೆಂದು ಕಟ್ಟುಮಾಡುವನು.

ಸಾವಿರ ವರ್ಷಗಳಷ್ಟು ಹಿಂದಿನ ಈ ವಿಚಾರವು, ಅಲಂಕಾರಶಾಸ್ತ್ರದ ಗಂಧವೂ ಇಲ್ಲದ ಕಡೆಯಲ್ಲಿ, ಬೇರೆಯ ಹೆಸರಿನಿಂದ ಮತ್ತೆ ತಲೆಯೆತ್ತಿರುವುದು ಕುತೂಹಲಕರವಾಗಿದೆ. ಅಮೆರಿಕಾ, ಕೆನಡಾ, ಬೆಲ್ಜಿಯಂ ಮೊದಲಾದ ದೇಶಗಳಲ್ಲಿ ನಿರ್ಮಿತವಾಗಿ ಲೋಕವನ್ನೆಲ್ಲ ವ್ಯಾಪಿಸಿರುವ ಅದ್ಭುತಕಥಾಪ್ರಧಾನವಾದ ಗಣಕಯಂತ್ರದ ಆಟಗಳಲ್ಲಿ, ಆಡುವವನೇ ಒಂದು ಪಾತ್ರವನ್ನು ಧರಿಸಿ, ಸಹಚರರನ್ನು ಕೂಡಿಕೊಂಡು, ಮಾತಿನಿಂದಲೂ ಕೃತಿಯಿಂದಲೂ ಕಥೆಯನ್ನು ಮುಂದುವರಿಸುವನು. ಇಂತಹವು ಬಾಲಕರ ಕಾಲಹರಣಕ್ಕೆ ಹೊರತು ವಿಮರ್ಶೆಗೆ ಯೋಗ್ಯವಲ್ಲವೆಂದು ವಿದ್ವಾಂಸರು ಸಾಮಾನ್ಯವಾಗಿ ಉಪೇಕ್ಷಿಸುವರು. ಈ ಉಪೇಕ್ಷೆಯು ಯುಕ್ತವೇ ಎಂಬುದನ್ನು ಹೆಸರುಗೊಂಡ ಕೆಲವು ಆಟಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಆಟಗಳಿಗೆಲ್ಲ ಮೂಲವು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟ. ಅದು ಯಂತ್ರದ ಆಟವಲ್ಲ. ಕಾಗದ, ಸೀಸದಕಡ್ಡಿ, ದಾಳ, ಇವುಗಳ ಸಹಾಯದಿಂದ ಹಲವರು ಒಟ್ಟಿಗೆ ಕುಳಿತು ಬಾಯಿಂದ ಕಥೆಯನ್ನು ಹೆಣೆಯುವ ಆಟ. ಪ್ರತಿಯೊಂದು ಪಾತ್ರಕ್ಕೂ ಅದರಲ್ಲಿ ‘ಅಲೈನ್‌ಮೆಂಟ್’ ಎಂಬ ಒಂದು ಲಕ್ಷಣವನ್ನು ವಿಧಿಸಿದ್ದರು. ಇದನ್ನು ಶೀಲಪಕ್ಷವೆಂದು ಕರೆಯಬಹುದು. ಮೊದಲಲ್ಲಿ ವಿಧಿನಿಷ್ಠ, ಮಧ್ಯಸ್ಥ, ಸ್ವಚ್ಛಂದ ಎಂಬ ಮೂರೇ ಪಕ್ಷಗಳಿದ್ದುವು. ಮುಂದೆ ಸಾಧು, ದುಷ್ಟ ಎಂಬ ಇನ್ನೊಂದು ಭೇದವು ಸೇರಿ, 1978ರ ಗ್ರಂಥದ ವೇಳೆಗೆ ಮೂರು ಮೂರುಗಳ ಗುಣಾಕಾರದಿಂದ ಒಂಬತ್ತು ಪಕ್ಷಗಳು ಸಿದ್ಧವಾದುವು. ವಿಧಿನಿಷ್ಠನಾದ ಸಾಧು, ಸ್ವಚ್ಛಂದನಾದ ಸಾಧು, ವಿಧಿನಿಷ್ಠನಾದ ದುಷ್ಟ, ಇತ್ಯಾದಿ. ನಿಯಮವನ್ನು ಪಾಲಿಸುವುದು ಬೇರೆ, ಒಳ್ಳೆಯವನಾಗಿರುವುದು ಬೇರೆ ಎಂಬ ವಿವೇಕವು ಈ ಕೋಷ್ಠಕದಲ್ಲಿ ಅಡಗಿದೆ. ಅಷ್ಟುಮಟ್ಟಿಗೆ ಅದು ಶ್ಲಾಘ್ಯ. ಆದರೆ ಹೆಸರಿಟ್ಟ ಮಾತ್ರಕ್ಕೆ ಶೀಲವು ಹುಟ್ಟುವುದಿಲ್ಲ. ಪಾತ್ರದ ಹಣೆಯಮೇಲೆ ಮೊದಲೇ ಬರೆದ ಅಕ್ಷರವು ಜಾತಿಯಾಗುವುದೇ ಹೊರತು ಅವಸ್ಥೆಯಾಗುವುದಿಲ್ಲ. ಧನಿಕನು ನಿರಾಕರಿಸಿದುದು ಇದನ್ನೇ.

ಈ ದೋಷವನ್ನು ಮೊದಲು ಮನಗಂಡು ಬೇರೆ ಹಾದಿಯನ್ನು ಹಿಡಿದವನು ರಿಚರ್ಡ್ ಗ್ಯಾರಿಯಟ್. ಈತನು 1985ರಲ್ಲಿ ಹೊರತಂದ ಅಲ್ಟಿಮಾ ಮಾಲೆಯ ನಾಲ್ಕನೆಯ ಆಟದಲ್ಲಿ ಕೊಲ್ಲಬೇಕಾದ ಪ್ರತಿನಾಯಕನೇ ಇಲ್ಲ. ನಾಯಕನು ಎಂಟು ಸದ್ಗುಣಗಳನ್ನು ಆಚರಿಸಿ ‘ಅವತಾರ’ ಎನಿಸಿಕೊಳ್ಳುವುದೇ ಕಥೆಯ ಫಲ. ಈ ಶಬ್ದವು ನಮ್ಮ ಪುರಾಣಗಳದೇ ಆದರೂ ಅರ್ಥವು ತಲೆಕೆಳಗಾಗಿದೆ. ಪುರಾಣದಲ್ಲಿ ದೇವರು ಮನುಷ್ಯನಾಗಿ ಇಳಿದುಬರುವನು. ಇಲ್ಲಿ ಮನುಷ್ಯನು ಆಚಾರದಿಂದ ಮೇಲಕ್ಕೇರುವನು. ಸತ್ಯ, ಪ್ರೇಮ, ಧೈರ್ಯ ಎಂಬ ಮೂರು ತತ್ತ್ವಗಳಿಂದ ಎಂಟು ಗುಣಗಳನ್ನು ಸಾಧಿಸಿರುವ ಕ್ರಮವಂತೂ ಛಂದಶ್ಶಾಸ್ತ್ರದ ಪ್ರಸ್ತಾರವನ್ನೇ ನೆನಪಿಗೆ ತರುವುದು. ಮೂರು ಅಕ್ಷರಗಳ ಗುರುಲಘುಭೇದದಿಂದ ಎಂಟು ಗಣಗಳಾಗುವಂತೆ, ಸತ್ಯವೊಂದರಿಂದ ಪ್ರಾಮಾಣಿಕತೆ, ಪ್ರೇಮವೊಂದರಿಂದ ಕರುಣೆ, ಧೈರ್ಯವೊಂದರಿಂದ ಶೌರ್ಯ. ಸತ್ಯಪ್ರೇಮಗಳು ಕೂಡಿ ನ್ಯಾಯ, ಪ್ರೇಮಧೈರ್ಯಗಳು ಕೂಡಿ ತ್ಯಾಗ, ಸತ್ಯಧೈರ್ಯಗಳು ಕೂಡಿ ಮಾನ. ಮೂರೂ ಸೇರಿದರೆ ಆಧ್ಯಾತ್ಮ. ಮೂರನ್ನೂ ಅವಲಂಬಿಸದೆ ಪ್ರತ್ಯೇಕವಾಗಿ ನಿಲ್ಲುವುದು ವಿನಯ. ಮಗಣದಲ್ಲಿ ಮೂರೂ ಗುರುಗಳು, ನಗಣದಲ್ಲಿ ಒಂದೂ ಇಲ್ಲ. ಆದರೂ ನಗಣವು ಗಣವೇ. ಒಂದೊಂದು ಗುಣದ ಗುಡಿಯಲ್ಲಿಯೂ ಒಂದೊಂದು ಮಂತ್ರವನ್ನು ಜಪಿಸಬೇಕು. ಆಧ್ಯಾತ್ಮದ ಮಂತ್ರವು ಓಂಕಾರ.

ಈ ಆಟದ ಹೆಚ್ಚಳವು ಎರಡು ಸ್ಥಳಗಳಲ್ಲಿ ಕಾಣುವುದು. ಮೊದಲನೆಯದು, ಆರಂಭದ ಪ್ರಶ್ನಾವಳಿ. ಕಣಿಹೇಳುವ ಹೆಂಗಸೊಬ್ಬಳು ಏಳು ಧರ್ಮಸಂಕಟಗಳನ್ನು ಒಂದಾದಮೇಲೊಂದು ಮುಂದಿಟ್ಟು, ಎರಡೆರಡು ಗುಣಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಂತೆ ಕೇಳುವಳು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಆರಿಸುವುದು ಸುಲಭ. ಒಳ್ಳೆಯದಕ್ಕೂ ಒಳ್ಳೆಯದಕ್ಕೂ ನಡುವೆ ಆರಿಸುವುದೇ ಧರ್ಮಸೂಕ್ಷ್ಮವೆಂಬುದನ್ನು ಮಹಾಭಾರತವನ್ನು ಓದಿದವರಿಗೆ ಹೇಳಬೇಕಾದುದಿಲ್ಲ. ಎರಡನೆಯದು, ಆಚರಣೆಯ ಗುಪ್ತಗಣನೆ. ಗಿಡಮೂಲಿಕೆಗಳನ್ನು ಮಾರುವ ಕುರುಡಿಗೆ ಕಡಮೆ ಹಣವನ್ನಿತ್ತು ವಂಚಿಸಿದರೆ ಆಕೆಯು ಅರಿಯಳು, ಯಾರೂ ಹಿಡಿಯರು. ಆದರೆ ಪ್ರಾಮಾಣಿಕತೆಯು ಒಳಗೊಳಗೇ ಕುಂದುವುದು. ಭಿಕ್ಷುಕನಿಗೆ ಕೊಟ್ಟರೆ ಕರುಣೆಯು ಬೆಳೆಯುವುದು. ಸಾಕ್ಷಿಯಿಲ್ಲದೆಡೆಯಲ್ಲಿ ಮಾಡಿದುದೇ ಶೀಲವೆಂಬ ತತ್ತ್ವವು ಇಷ್ಟು ಸರಳವಾಗಿ ತೋರಿಬರುವುದು ಅಪೂರ್ವ.

ಆದರೆ ಸಹಚರರ ವಿಷಯಕ್ಕೆ ಬಂದಾಗ ಗ್ಯಾರಿಯಟ್ಟನ ಕಲ್ಪನೆಯು ಬಡವಾಗಿದೆ. ಎಂಟು ಗುಣಗಳಿಗೆ ಎಂಟು ವೃತ್ತಿಗಳು, ಎಂಟು ವೃತ್ತಿಗಳಿಗೆ ಎಂಟು ಜನ ಪ್ರತಿನಿಧಿಗಳು. ಆಟಗಾರನಿಗೆ ಒದಗಿದ ವೃತ್ತಿಯವನನ್ನು ಬಿಟ್ಟು ಉಳಿದ ಏಳುಮಂದಿಯೂ ಅವನ ಜೊತೆಗೂಡುವರು. ಇಯೋಲೋ ಎಂಬ ಗಾಯಕನು ಕರುಣೆಗೆ, ಡುಪ್ರೆ ಎಂಬ ಯೋಧನು ಮಾನಕ್ಕೆ, ಕತ್ರೀನಾ ಎಂಬ ಕುರಿಗಾಹಿಯು ವಿನಯಕ್ಕೆ ಗುರುತಾಗಿ ನಿಲ್ಲುವರೇ ಹೊರತು, ನಾಯಕನು ಜಾರಿದಾಗ ತಡೆಯುವುದಾಗಲಿ, ಜಗಳವಾಡುವುದಾಗಲಿ, ಬಿಟ್ಟು ಹೋಗುವುದಾಗಲಿ ಅವರಿಂದ ಆಗದು. ಅವರು ಧ್ವಜಗಳು, ಮನುಷ್ಯರಲ್ಲ. ಪೀಠಮರ್ದನು ನಾಯಕನ ಭಕ್ತನೂ, ಗುಣದಲ್ಲಿ ಅವನಿಗಿಂತ ಕಿಂಚಿನ್ನ್ಯೂನನೂ, ಪತಾಕಾಕಥೆಗೆ ತಾನೇ ನಾಯಕನೂ ಆಗಿರಬೇಕೆಂದು ಧನಂಜಯನ ಮತ. ಸುಗ್ರೀವನಿಗೆ ತನ್ನದೇ ಆದ ದುಃಖವಿದೆ, ರಾಜ್ಯವಿದೆ, ಮರೆವೂ ಇದೆ. ಆದುದರಿಂದಲೇ ಅವನ ಸಖ್ಯಕ್ಕೆ ಬೆಲೆಯಿದೆ. ಪತಾಕೆಯಿಲ್ಲದ ಪೀಠಮರ್ದನಿಂದ ರಸಕ್ಕೆ ಪುಷ್ಟಿಯಿಲ್ಲ.

ಈ ಕೊರತೆಯನ್ನು ತುಂಬಿದವರು ಕೆನಡಾದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯವರು. ಅವರ ಬಾಲ್ಡರ್ಸ್ ಗೇಟ್ 1998ರಲ್ಲಿಯೂ ಅದರ ಎರಡನೆಯ ಭಾಗವು 2000ದಲ್ಲಿಯೂ ಹೊರಬಂದುವು. ಇವುಗಳಲ್ಲಿ ಸಹಚರರಿಗೆ ಹಿಂದಿನ ಕಥೆಯಿದೆ, ಪರಸ್ಪರ ರಾಗದ್ವೇಷಗಳಿವೆ. ನಾಯಕನ ಕೀರ್ತಿಯು ಬಹಳ ಹೆಚ್ಚಿದರೆ ದುಷ್ಟಪಕ್ಷದವರೂ, ಬಹಳ ಕುಗ್ಗಿದರೆ ಸಾಧುಪಕ್ಷದವರೂ ಗೊಣಗಿ, ಕಡೆಗೆ ಬಿಟ್ಟುಹೋಗುವರು. ಸಹವಾಸಕ್ಕೆ ಶೀಲವು ಕಾರಣವೆಂಬುದನ್ನು ಆಟದ ನಿಯಮವನ್ನಾಗಿಯೇ ಮಾಡಿರುವುದು ಇವರ ವೈಶಿಷ್ಟ್ಯ.

ಆದರೆ ಇಲ್ಲಿ ಒಂದು ಮಹಾಪ್ರಮಾದವೂ ನಡೆದಿದೆ. ಕೀರ್ತಿಯನ್ನು ಒಂದರಿಂದ ಇಪ್ಪತ್ತರವರೆಗಿನ ಅಂಕಿಯಿಂದ ಅಳೆಯುವರು. ದೇವಾಲಯಕ್ಕೆ ಸಾಕಷ್ಟು ಹೊನ್ನನ್ನು ಒಪ್ಪಿಸಿದರೆ ಆ ಅಂಕಿಯು ಏರುವುದು. ಏರಿದರೆ ಅಂಗಡಿಯವನು ಬೆಲೆಯನ್ನು ಇಳಿಸುವನು. ಕೀರ್ತಿಯು ಲೋಕದ ಬಾಯಲ್ಲಿರುವುದು, ಶೀಲವು ತನ್ನ ಎದೆಯಲ್ಲಿರುವುದು. ಇವೆರಡನ್ನೂ ಒಂದುಮಾಡಿದುದರಿಂದ ಕೊಲೆಗಾರನೂ ಕಾಣಿಕೆಯಿತ್ತು ಸಜ್ಜನರ ಸಂಗಡ ನಡೆಯುವಂತಾಯಿತು. ಲೋಕದಲ್ಲಿ ಹೀಗೆ ನಡೆಯುವುದುಂಟೆಂದು ಸಮರ್ಥಿಸಬಹುದು. ನಿಜ, ಆದರೆ ಅದನ್ನು ವಿಡಂಬನವನ್ನಾಗಿ ತೋರಿಸುವುದು ಬೇರೆ, ಗಣಿತದ ಸೌಕರ್ಯಕ್ಕಾಗಿ ಮೌನವಾಗಿ ಒಪ್ಪುವುದು ಬೇರೆ. ಇಲ್ಲಿ ಆಗಿರುವುದು ಎರಡನೆಯದು.

ಈ ಪ್ರಮಾದದ ನಡುವೆಯೂ ಎರಡನೆಯ ಭಾಗದಲ್ಲಿ ಎರಡು ಪಾತ್ರಗಳು ಸ್ಮರಣೀಯವಾಗಿವೆ. ಅನೋಮೆನ್ ಎಂಬ ಯುವಕನು ವೀರರ ಸಂಘವೊಂದರಲ್ಲಿ ಸೇರಲು ಪರೀಕ್ಷೆಯನ್ನು ಎದುರುನೋಡುತ್ತಿರುವಾಗ ಅವನ ತಂಗಿಯ ಕೊಲೆಯಾಗುವುದು. ಶತ್ರುವನ್ನು ಕೊಂದು ಸೇಡನ್ನು ತೀರಿಸೆಂದು ತಂದೆಯು ಒತ್ತಾಯಪಡಿಸುವನು. ಸಂಘದ ಧರ್ಮವು ಅದನ್ನು ಒಪ್ಪದು. ನಾಯಕನು ಹೇಳುವ ಬುದ್ಧಿಯಂತೆ ಅವನು ಸೇಡನ್ನು ತೊರೆದರೆ ಮುಂದೆ ವಿಧಿನಿಷ್ಠನಾದ ಸಾಧುವಾಗುವನು. ಸೇಡಿಗೆ ಹೊರಟರೆ ಸಂಘದಿಂದ ಹೊರಬಿದ್ದು ಸ್ವಚ್ಛಂದನಾಗುವನು. ಯೋಷಿಮೋ ಎಂಬ ಇನ್ನೊಬ್ಬನು ಮೊದಲಿನಿಂದಲೂ ನಗುನಗುತ್ತ ಜೊತೆಯಲ್ಲಿದ್ದು, ಸ್ಪೆಲ್‌ಹೋಲ್ಡ್ ಎಂಬ ಸೆರೆಮನೆಯಲ್ಲಿ ಮೋಸಗೊಳಿಸುವನು. ಶತ್ರುವಿನ ಮಂತ್ರಬಂಧಕ್ಕೆ ಸಿಕ್ಕಿದ್ದ ಅವನಿಗೆ ಬೇರೆ ದಾರಿಯಿರಲಿಲ್ಲ. ಅವನು ಸತ್ತಮೇಲೆ ಆತನ ಹೃದಯವನ್ನು ಕೊಂಡೊಯ್ದು ಇಲ್ಮೇಟರ್ ದೇವತೆಯ ಅರ್ಚಕನಿಗೆ ಒಪ್ಪಿಸಿದರೆ ಅವನ ಆತ್ಮಕ್ಕೆ ಶಾಂತಿಯುಂಟಾಗುವುದು. ಯೋಷಿಮೋವಿನ ಶೀಲಪಕ್ಷವು ‘ಮಧ್ಯಸ್ಥ’ವೆಂದು ಬರೆದಿದೆ. ಆ ಒಂದು ಶಬ್ದದಿಂದ ಅವನ ಮೋಸವನ್ನಾಗಲಿ, ಅವನ ಸಂಕಟವನ್ನಾಗಲಿ ಯಾರು ಊಹಿಸಿಯಾರು? ಲಕ್ಷಣವು ಸೋತಲ್ಲಿ ಪಾತ್ರವು ಗೆದ್ದಿದೆ.

ಧನಿಕನ ಕಟ್ಟಳೆಯು ಇಲ್ಲಿ ಅಕ್ಷರಶಃ ಪಾಲಿತವಾಗಿರುವುದನ್ನೂ ಗಮನಿಸಬೇಕು. ಅನೋಮೆನ್ ಮೊದಲಾದ ಅಂಗಪಾತ್ರಗಳು ಅವಸ್ಥಾಂತರವನ್ನು ಹೊಂದುವುವು. ಪ್ರಧಾನನಾಯಕನ ಪಕ್ಷವು, ಕಡೆಯ ನರಕಪರೀಕ್ಷೆಗಳಲ್ಲಿ ಕೆಟ್ಟ ದಾರಿಯನ್ನು ಹಿಡಿದ ಹೊರತು, ಬಹುಮಟ್ಟಿಗೆ ಮೊದಲಲ್ಲಿ ಬರೆದಂತೆಯೇ ನಿಲ್ಲುವುದು.

ಈ ಕಟ್ಟಳೆಯನ್ನು ಮುರಿದು, ಮುರಿದುದರಿಂದಲೇ ಮೇಲ್ಮೆಯನ್ನು ಪಡೆದುದು 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್. ಬ್ಲ್ಯಾಕ್ ಐಲ್ ಸಂಸ್ಥೆಯಲ್ಲಿ ಕ್ರಿಸ್ ಅವೆಲೋನನ ಮುಖ್ಯತ್ವದಲ್ಲಿ ರಚಿತವಾದ ಈ ಆಟದ ನಾಯಕನಿಗೆ ಹೆಸರಿಲ್ಲ, ನೆನಪಿಲ್ಲ, ಸಾವೂ ಇಲ್ಲ. ಶವಾಗಾರದ ಕಲ್ಲಿನಮೇಲೆ ಎಚ್ಚತ್ತು, ತಾನು ಯಾರೆಂದು ಹುಡುಕುತ್ತ ಹೊರಡುವನು. ಅವನ ಶೀಲಪಕ್ಷವು ಆರಂಭದಲ್ಲಿ ಶುದ್ಧಮಧ್ಯಸ್ಥ; ಅಲ್ಲಿಂದ ಮುಂದೆ ಅವನ ಮಾತೂ ಕೃತಿಯೂ ಅದನ್ನು ಎಳೆದಂತೆ ಅದು ಸರಿಯುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಸಂಭಾಷಣೆಯಲ್ಲಿ ಒಂದೇ ವಾಕ್ಯವು ಎಷ್ಟೋ ಕಡೆ ಎರಡು ಬಾರಿ ಕೊಡಲ್ಪಟ್ಟಿರುವುದು: ಒಂದಕ್ಕೆ ‘ಸತ್ಯ’ವೆಂದೂ ಇನ್ನೊಂದಕ್ಕೆ ‘ಸುಳ್ಳು’ ಎಂದೂ ತಲೆಬರಹ. ಕೇಳುವವನಿಗೆ ಎರಡೂ ಒಂದೇ, ಆಡುವವನಿಗೆ ಬೇರೆ. ವಾಚ್ಯವು ಸಮಾನವಾಗಿದ್ದರೂ ವಕ್ತೃವಿನ ವಿವಕ್ಷೆಯಿಂದ ಅರ್ಥವು ಭೇದಿಸುವುದೆಂಬ ಧ್ವನಿಕಾರರ ಮಾರ್ಗವನ್ನರಿತವರಿಗೆ ಇದರ ಬೆಲೆಯು ತಿಳಿಯದಿರದು. ಶೀಲವು ಮಾತಿನಲ್ಲಿಲ್ಲ, ಮಾತಿನ ಹಿಂದಣ ಸಂಕಲ್ಪದಲ್ಲಿದೆ.

ಸಹಚರರಾದರೋ ಇಲ್ಲಿ ಆಕಸ್ಮಿಕವಾಗಿ ಬಂದವರಲ್ಲ. ಅವರಲ್ಲಿ ಹಲವರು ನಾಯಕನ ಹಿಂದಣ ಬಾಳುಗಳಲ್ಲಿ ಅವನಿಂದ ಗಾಯಗೊಂಡವರು. ಡಾಕ್ಕನ್ ಎಂಬ ಯೋಧನು ತನ್ನ ಜನಾಂಗದ ಧರ್ಮಗ್ರಂಥದಲ್ಲಿ ಸಂಶಯಗೊಂಡು ಕುಸಿಯುತ್ತಿದ್ದಾಗ, ನಾಯಕನು ಹಿಂದಣ ಬಾಳೊಂದರಲ್ಲಿ ಆ ಧರ್ಮವಚನಗಳನ್ನು ಕೆತ್ತಿದ ಚಕ್ರವೊಂದನ್ನು ಕೊಟ್ಟು ಶ್ರದ್ಧೆಯನ್ನು ಮರಳಿಸಿದನು. ಕೃತಜ್ಞನಾದ ಡಾಕ್ಕನ್ನನು, ಈತನು ಸಾಯುವವರೆಗೂ ಸೇವೆಮಾಡುವೆನೆಂದು ಪ್ರತಿಜ್ಞೆಮಾಡಿದನು. ಈತನಿಗೆ ಸಾವಿಲ್ಲ! ದಾಸ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ದ್ವೇಷಿಸುವ ಕುಲದವನು ತನ್ನ ಮಾತಿನಿಂದಲೇ ಚಿರದಾಸನಾದನು. ಆ ಉಪಕಾರವಾದರೂ ಅವನನ್ನು ವಶಮಾಡಿಕೊಳ್ಳುವುದಕ್ಕಾಗಿಯೇ ಹೂಡಿದ ಉಪಾಯ. ಈಗ ನೆನಪಳಿದ ನಾಯಕನು ಅದೇ ಚಕ್ರವನ್ನು ಡಾಕ್ಕನ್ನನ ಮುಂದೆ ಶಿಷ್ಯನಾಗಿ ಕುಳಿತು ಓದುವನು. ಬುದ್ಧಿಯುಳ್ಳವನಾದರೆ ಗುರುವು ಕಾಣದ ಅರ್ಥವನ್ನು ಕಂಡು, ಅವನ ಕ್ಲೇಶವನ್ನು ತಗ್ಗಿಸುವನು. ಮಾಡಿದ ಪಾಪವು ನೆನಪಿನಲ್ಲಿಲ್ಲದಿದ್ದರೂ ಅದರ ಋಣವು ಎದುರಿಗೆ ನಡೆದುಬರುತ್ತಿರುವುದು. ಕರ್ಮವಿಪಾಕದ ಕಥೆಗಳಲ್ಲಿ ಫಲವು ರೋಗವಾಗಿಯೋ ದಾರಿದ್ರ್ಯವಾಗಿಯೋ ಬರುವುದು. ಇಲ್ಲಿ ಸ್ನೇಹಿತನಾಗಿ ಬಂದಿದೆ.

ರೇವಲ್ ಎಂಬ ಮಾಯಾವಿನಿಯು ನಾಯಕನನ್ನು ಕೇಳುವ ಪ್ರಶ್ನೆಯೊಂದು ಈ ಕಥೆಗೆಲ್ಲ ಬೀಜವಾಗಿದೆ. ಮನುಷ್ಯನ ಸ್ವಭಾವವನ್ನು ಮಾರ್ಪಡಿಸಬಲ್ಲುದು ಯಾವುದೆಂಬುದೇ ಆ ಪ್ರಶ್ನೆ. ಇಂತಹುದೇ ಸರಿಯುತ್ತರವೆಂಬ ನಿರ್ಬಂಧವಿಲ್ಲ. ಉತ್ತರವು ಅವನದಾಗಿರಬೇಕೆಂಬುದೇ ಮುಖ್ಯ. ಧನಿಕನು ಪ್ರಧಾನನಾಯಕನಿಗೆ ನಿಷೇಧಿಸಿದ ಅವಸ್ಥಾಂತರವೇ ಇಲ್ಲಿ ಪ್ರಬಂಧದ ವಿಷಯವಾಗಿರುವುದರಿಂದ, ನಿಯಮಭಂಗವು ಅನೌಚಿತ್ಯವಾಗದೆ ಔಚಿತ್ಯವೇ ಆಗಿದೆ. ಆತನ ನಿಷೇಧಕ್ಕೆ ಕಾರಣವು ಏಕಪ್ರಬಂಧದಲ್ಲಿ ನಾಯಕನ ಏಕತ್ವವು ಕೆಡಬಾರದೆಂಬುದಷ್ಟೆ. ಟಾರ್ಮೆಂಟಿನ ನಾಯಕನು ಎಷ್ಟು ಬದಲಾದರೂ, ಅವನಿಂದ ನೊಂದವರು ಅವನೊಬ್ಬನನ್ನೇ ಗುರುತಿಸುವರಾಗಿ, ಆ ಏಕತ್ವವು ಸಹಚರರಲ್ಲಿ ಉಳಿದುಕೊಂಡಿರುವುದು.

ಈ ಕೃತಿಯು ನಿರ್ದೋಷವೆಂದಲ್ಲ. ಯುದ್ಧಭಾಗಗಳು ನೀರಸವಾಗಿವೆ. ಅದಕ್ಕಿಂತ ದೊಡ್ಡ ದೋಷವೆಂದರೆ, ಬುದ್ಧಿಯನ್ನೂ ವಿವೇಕವನ್ನೂ ಹೆಚ್ಚಿಸಿಕೊಳ್ಳದೆ ಬಾಹುಬಲವನ್ನೇ ಆರಿಸಿದ ಆಟಗಾರನಿಗೆ ಮೇಲೆ ಹೇಳಿದ ಸಂಭಾಷಣೆಗಳಲ್ಲಿ ಬಹುಭಾಗವು ತೆರೆಯುವುದೇ ಇಲ್ಲ. ಹಲವು ಮಾರ್ಗಗಳಿವೆಯೆಂದು ಸಾರಿ, ಒಂದೇ ಮಾರ್ಗದಲ್ಲಿ ರಸವನ್ನು ಇಟ್ಟಂತಾಯಿತು. ಮಂದಬುದ್ಧಿಯವನಿಗೂ ಪಶ್ಚಾತ್ತಾಪವುಂಟೆಂಬುದನ್ನು ಕರ್ತೃಗಳು ಮರೆತರು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ರಸಾಸ್ವಾದಕ್ಕೆ ಸಹೃದಯನು ಅಧಿಕಾರಿ. ಅವನು ಕಥೆಯ ಲಾಭನಷ್ಟಗಳಲ್ಲಿ ಸ್ವಂತ ಸಂಬಂಧವಿಲ್ಲದೆ ಸಾಧಾರಣೀಕೃತವಾದ ಭಾವವನ್ನು ಆಸ್ವಾದಿಸುವನೆಂದು ಅಭಿನವಗುಪ್ತಾದಿಗಳ ಸಿದ್ಧಾಂತ. ಆಟಗಾರನಾದರೋ ತಾನೇ ನಾಯಕನು, ಗೆಲ್ಲಬೇಕೆಂಬ ಆಸೆಯುಳ್ಳವನು. ಅಲ್ಲದೆ, ಕೆಟ್ಟ ಫಲವು ಬಂದರೆ ಯಂತ್ರದಲ್ಲಿ ಕಾಪಿಟ್ಟ ಹಿಂದಿನ ಸ್ಥಿತಿಗೆ ಮರಳಿ ಬೇರೆ ದಾರಿಯನ್ನು ಹಿಡಿಯಬಲ್ಲನು. ತೊಡೆದುಹಾಕಬಹುದಾದ ಕರ್ಮಕ್ಕೆ ಗೌರವವೇನು? ಸ್ವಾರ್ಥವೂ ಲೆಕ್ಕಾಚಾರವೂ ಇರುವಲ್ಲಿ ರಸವೆಲ್ಲಿ?

ಈ ಆಕ್ಷೇಪವು ಬಲವಾದುದೇ. ಬೆಲ್ಜಿಯಂದೇಶದ ಲೇರಿಯನ್ ಸಂಸ್ಥೆಯು 2023ರಲ್ಲಿ ಹೊರತಂದ ಬಾಲ್ಡರ್ಸ್ ಗೇಟಿನ ಮೂರನೆಯ ಭಾಗವನ್ನು ನೋಡಿದರೆ ಅದರ ಬಲವು ಇನ್ನೂ ಹೆಚ್ಚುವುದು. ಇದರಲ್ಲಿ ನಾಯಕನು ಶೀಲಪಕ್ಷವನ್ನು ಆರಿಸುವ ಪದ್ಧತಿಯನ್ನೇ ಬಿಟ್ಟಿರುವರು, ಅದು ಒಳ್ಳೆಯದಾಯಿತು. ಆದರೆ ನಾಯಕನು ಮಾತಾಡಿದೊಡನೆ ಇಂತಹ ಸಹಚರನು ಮೆಚ್ಚಿದನು, ಇಂತಹವಳು ಮೆಚ್ಚಲಿಲ್ಲ ಎಂಬ ಬರಹವು ಪರದೆಯಮೇಲೆ ಮೂಡುವುದು. ಇದರಿಂದ ಆಟಗಾರನು ಧರ್ಮವನ್ನು ನೋಡದೆ ಮುಖವನ್ನು ನೋಡಿ ಮಾತಾಡುವ ಆಸ್ಥಾನಿಕನಾಗುವ ಅಪಾಯವಿದೆ. ಗ್ಯಾರಿಯಟ್ಟನು ಗಣನೆಯನ್ನು ಮರೆಮಾಡಿದ್ದುದು ಇದಕ್ಕಿಂತ ಮೇಲು. ಆದರೂ ಇದೇ ಆಟದಲ್ಲಿ, ನಿರಾಶ್ರಿತರಿರುವ ತೋಪಿನಮೇಲೆ ನಾಯಕನು ಶತ್ರುಗಳೊಡನೆ ಸೇರಿ ಬಿದ್ದರೆ, ವಿಲ್, ಕಾರ್ಲಾಕ್ ಎಂಬಿಬ್ಬರೂ ಎಷ್ಟು ಸಖ್ಯವಿದ್ದರೂ ಜೊತೆಯಲ್ಲಿ ನಿಲ್ಲರು. ಶ್ಯಾಡೋಹಾರ್ಟ್ ಎಂಬ ಅರ್ಚಕಿಯು ತನ್ನ ದೇವತೆಯ ಆಜ್ಞೆಯಂತೆ ಬಂದಿಯೊಬ್ಬಳನ್ನು ಕೊಲ್ಲಲು ಆಯುಧವನ್ನೆತ್ತಿದಾಗ, ನಿರ್ಣಯವನ್ನು ಅವಳಿಗೇ ಬಿಟ್ಟು ನಾಯಕನು ಸುಮ್ಮನಿರಬಹುದು. ಆಗ ಅವಳು ಮಾಡುವುದು ಹಿಂದಿನ ಸಖ್ಯವನ್ನು ಅವಲಂಬಿಸಿರುವುದು. ಆ ಕ್ಷಣದಲ್ಲಿ ಆಟಗಾರನು ಕರ್ತೃವಲ್ಲ, ಪ್ರೇಕ್ಷಕನು.

ಪೂರ್ವಪಕ್ಷಕ್ಕೆ ಸಮಾಧಾನವು ಇಲ್ಲಿಯೇ ಇದೆ. ಆಟಗಾರನು ತನ್ನ ನಾಯಕನ ವಿಷಯದಲ್ಲಿ ಸಹೃದಯನಾಗಲಾರನೆಂಬುದನ್ನು ಒಪ್ಪಬಹುದು. ಆದರೆ ಸಹಚರನು ಅವನ ಕೈಗೆ ಪೂರ್ತಿಯಾಗಿ ಸಿಕ್ಕುವವನಲ್ಲ. ಸಹಚರನ ದುಃಖವು ಅವನದಲ್ಲ, ಅವನಿಗೆ ಸಂಬಂಧಪಡದುದೂ ಅಲ್ಲ. ಈ ಅಂತರದಲ್ಲಿಯೇ ಸಾಧಾರಣೀಕರಣಕ್ಕೆ ಅವಕಾಶವುಂಟಾಗುವುದು. ಆದುದರಿಂದ ಇಂತಹ ಕೃತಿಗಳಲ್ಲಿ ರಸಕ್ಕೆ ಆಲಂಬನವು ನಾಯಕನಲ್ಲ, ಸಹಚರನು. ನಾಯಕನು ಬರಿಯ ದ್ವಾರವೆಂದು ಹೇಳಬೇಕು. ಮರಳಿ ಹಿಂದಣ ಸ್ಥಿತಿಗೆ ಹೋಗುವ ಸೌಕರ್ಯವು ರಸವಿಘ್ನವೇ ಹೌದು. ಆದರೆ ಟಾರ್ಮೆಂಟಿನ ಕರ್ತೃಗಳು ಅದನ್ನೂ ಕಥೆಯೊಳಕ್ಕೆ ಎಳೆದುಕೊಂಡಿರುವರು. ಅಲ್ಲಿ ನಾಯಕನು ಸತ್ತರೂ ಮತ್ತೆ ಏಳುವನು. ಆದರೆ ಅವನು ಸತ್ತಾಗಲೆಲ್ಲ ಅವನಿಗೆ ಬದಲಾಗಿ ಇನ್ನಾರೋ ಒಬ್ಬರು ಸತ್ತು, ನೆರಳಾಗಿ ಅವನನ್ನು ಬೆನ್ನಟ್ಟುವರೆಂಬುದು ಕಡೆಗೆ ಹೊರಬೀಳುವುದು. ಪುಕ್ಕಟೆಯಾಗಿ ದೊರೆತ ಮರುಬಾಳಿಗೆ ಬೆಲೆಯನ್ನು ತೆತ್ತವರು ಬೇರೆಯವರು ಎಂದು ತಿಳಿದಾಗ, ಅಷ್ಟುಹೊತ್ತೂ ನಿಶ್ಚಿಂತನಾಗಿ ಆಡಿದವನ ಕೈಯೂ ಒಂದು ಗಳಿಗೆ ತಡೆಯುವುದು. ಎಷ್ಟು ಒಳ್ಳೆಯವನಾಗಿ ನಡೆದುಕೊಂಡರೂ ಅವನು ಹಿಂದಣ ಪಾಪದ ಫಲವನ್ನು ಅನುಭವಿಸಲು ಕಡೆಯಲ್ಲಿ ನರಕದ ಯುದ್ಧಭೂಮಿಗೆ ಇಳಿಯಬೇಕಾಗುವುದು. ತೊಡೆಯಲಾಗದ ಕರ್ಮವೂ ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಶೀಲವನ್ನು ಮೊದಲೇ ಬರೆದ ಹೆಸರಿನಿಂದ ನಿರೂಪಿಸುವುದು ಅಧಮಕ್ರಮ, ಕೃತಿಗಳ ಗಣನೆಯಿಂದ ನಿರೂಪಿಸುವುದು ಮಧ್ಯಮಕ್ರಮ, ಅದರಲ್ಲಿಯೂ ಗಣನೆಯು ಆಟಗಾರನಿಗೆ ಕಾಣದಿರುವುದು ಮೇಲು, ಸ್ವಂತ ಬಾಳುಳ್ಳ ಸಹಚರನ ಕಣ್ಣಿನಲ್ಲಿ ಪ್ರತಿಬಿಂಬಿಸಿ ತೋರಿಸುವುದು ಉತ್ತಮಕ್ರಮ. ಈ ಅಳತೆಗೋಲಿನಿಂದ ಅಲ್ಟಿಮಾವು ಧರ್ಮಬೋಧೆಯಾಗಿ ದೊಡ್ಡದು, ಕಾವ್ಯವಾಗಿ ಬಡವು. ಬಾಲ್ಡರ್ಸ್ ಗೇಟಿನ ಎರಡನೆಯ ಭಾಗವು ಕೆಲವು ಪಾತ್ರಗಳಲ್ಲಿ ಕಾವ್ಯ, ನಿಯಮದಲ್ಲಿ ವ್ಯಾಪಾರ. ಟಾರ್ಮೆಂಟು ದೋಷಗಳಿದ್ದರೂ ಕಾವ್ಯ.

ಸಾಹಿತ್ಯವನ್ನು ಬೋಧಿಸುವವರು ಈ ಆಟಗಳನ್ನು ಪಾಠಪುಸ್ತಕಗಳನ್ನಾಗಿ ಮಾಡಬೇಕಾಗಿಲ್ಲ. ಆದರೆ ಇವುಗಳನ್ನು ಆಡಿ ಬಂದ ವಿದ್ಯಾರ್ಥಿಯ ಮುಂದೆ ಸುಗ್ರೀವಸಖ್ಯವನ್ನೋ ಕರ್ಣನ ಋಣವನ್ನೋ ವಿವರಿಸುವಾಗ, ಆತನು ಏನೂ ಅರಿಯದವನೆಂದು ಭಾವಿಸುವುದು ತಪ್ಪು. ಮಾತು ಕೊಟ್ಟು ಸಿಕ್ಕಿಕೊಂಡವನೊಬ್ಬನೊಡನೆ ಅವನು ಆಗಲೇ ಬಹುದೂರ ನಡೆದಿರಬಹುದು. ಆ ನಡಗೆಗೆ ಶಾಸ್ತ್ರದ ಹೆಸರುಗಳನ್ನು ಕೊಡುವುದು ಅಧ್ಯಾಪಕರ ಕೆಲಸ. ಹೆಸರುಗಳು ಸಾಲದೆಹೋದಲ್ಲಿ ಶಾಸ್ತ್ರವನ್ನು ಬೆಳೆಸುವುದು ವಿದ್ವಾಂಸರ ಕೆಲಸ.